ಚಳಿಗಾಲದಲ್ಲಿ ಸ್ಮಾಲ್‌ಮೌತ್ ಬಾಸ್ ಗಾಳಕ್ಕೆ ಬೀಳುವುದೇ ಇಲ್ಲವೇ?

“ಚಳಿ ಶುರುವಾದರೆ ನದಿಯ ಮೀನು ಬಾಯಿ ಮುಚ್ಚಿ ಮಲಗುತ್ತದೆ, ವಸಂತದವರೆಗೆ ಗಾಳ ಹಾಕಿ ಪ್ರಯೋಜನವಿಲ್ಲ.” ಅಮೆರಿಕ, ಕೆನಡಾಗಳಲ್ಲಿ ಮೀನು ಹಿಡಿಯುವ ಹವ್ಯಾಸವಿರುವವರ ನಡುವೆ ಇದು ಹಳೆಯ ಮಾತು. ಅಲ್ಲಿ ನೆಲೆಸಿರುವ ಕನ್ನಡಿಗರಲ್ಲೂ ಕೆಲವರು ಇದನ್ನು ಕೇಳಿರಬಹುದು. ಇದರ ಜತೆಗೇ ಇನ್ನೆರಡು ಮಾತುಗಳು ಓಡಾಡುತ್ತವೆ: ನದಿಯ ಆಳದಲ್ಲಿ ನೀರು ಬೆಚ್ಚಗಿರುತ್ತದೆ, ಒಂದು ಗುಟುಕು ಬ್ರಾಂಡಿ ಕುಡಿದರೆ ಚಳಿ ತಾಕುವುದಿಲ್ಲ. ಮೂರನ್ನೂ ಒಂದೊಂದಾಗಿ ನೋಡೋಣ.

ಮೀನು ನಿಜವಾಗಿ ಮಲಗುತ್ತದೆಯೇ?

ಇಲ್ಲ, ನಿಧಾನವಾಗುತ್ತದೆ ಅಷ್ಟೇ. ಸ್ಮಾಲ್‌ಮೌತ್ ಬಾಸ್ ಉತ್ತರ ಅಮೆರಿಕದ ಮೂಲದ ಸಿಹಿನೀರಿನ ಮೀನು. ಮಹಾಸರೋವರಗಳ ಪ್ರದೇಶ, ಓಹಾಯೊ ಮತ್ತು ಮಿಸಿಸಿಪಿ ನದಿಗಳ ಮೇಲ್ಭಾಗ ಇದರ ತವರು. ನಮ್ಮ ಹಾಗೆ ಇದು ಮೈಯೊಳಗೆ ಶಾಖ ಕಾಯ್ದುಕೊಳ್ಳುವುದಿಲ್ಲ. ನೀರು ಎಷ್ಟು ತಣ್ಣಗೋ ಮೈಯೂ ಹೆಚ್ಚುಕಡಿಮೆ ಅಷ್ಟೇ ತಣ್ಣಗೆ. ಇಂಥ ಪ್ರಾಣಿಗಳಲ್ಲಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಜೀವಕ್ರಿಯೆಯ ವೇಗ ಸಾಮಾನ್ಯವಾಗಿ ಅರ್ಧಕ್ಕೋ ಅದಕ್ಕಿಂತ ಕೆಳಕ್ಕೋ ಇಳಿಯುತ್ತದೆ. ತಿಂದದ್ದು ಕರಗಲು ಹೆಚ್ಚು ಹೊತ್ತು ಬೇಕು, ಹಾಗಾಗಿ ಹಸಿವೂ ಕಡಿಮೆ. ಬೇಸಿಗೆಯಲ್ಲಿ ಬೇಟೆಯನ್ನು ಅಟ್ಟಿಸಿಕೊಂಡು ಹೋಗುವ ಮೀನು ಈಗ ಮೂತಿಯ ಮುಂದೆ ಬಂದದ್ದನ್ನಷ್ಟೇ ಬಾಯಿಗೆ ಹಾಕಿಕೊಳ್ಳುತ್ತದೆ.

ಅನುಭವಿಗಳು ಚಳಿಯಲ್ಲಿ ಚಿಕ್ಕ ಎರೆ ಕಟ್ಟಿ, ತಳಕ್ಕೆ ಬಿಟ್ಟು, ತೀರಾ ನಿಧಾನವಾಗಿ ಎಳೆಯುವುದು ಇದಕ್ಕೇ. ಬೆಳಗ್ಗೆಗಿಂತ ಮಧ್ಯಾಹ್ನ ಒಳ್ಳೆಯದು. ಬಿಸಿಲಿಗೆ ನೀರು ಒಂದೆರಡು ಡಿಗ್ರಿ ಏರಿದರೂ ಮೀನಿನ ಚಟುವಟಿಕೆ ಹೆಚ್ಚಬಹುದು. ಆದರೆ ಬಿಸಿಲಿಗೆ ಹಿಮ ಕರಗಿ ನದಿಗೆ ಸೇರಿದರೆ ನೀರು ಮತ್ತೆ ತಣ್ಣಗಾಗಿ ಕದಡುತ್ತದೆ.

ಆಳದಲ್ಲಿ ನೀರು ಬೆಚ್ಚಗಿರುತ್ತದೆಯೇ?

ಸರೋವರಕ್ಕೆ ಈ ಮಾತು ಒಪ್ಪುತ್ತದೆ. ನೀರು ಅತ್ಯಂತ ಸಾಂದ್ರವಾಗಿರುವುದು 4 ಡಿಗ್ರಿಯಲ್ಲಿ. ಆದ್ದರಿಂದ ಮೇಲೆ ಮಂಜುಗಡ್ಡೆ ಕಟ್ಟಿದಾಗಲೂ ತಳದಲ್ಲಿ ಸುಮಾರು 4 ಡಿಗ್ರಿಯ ನೀರು ನಿಂತಿರಬಲ್ಲದು. ಚಿಕ್ಕ ನದಿಯಲ್ಲಿ ಹರಿವು ಎಲ್ಲವನ್ನೂ ಕಲಸಿಬಿಡುತ್ತದೆ. ಮೇಲೂ ಕೆಳಗೂ ಹೆಚ್ಚುಕಡಿಮೆ ಒಂದೇ ಚಳಿ.

ಹಾಗಾದರೆ ಮೀನು ಆಳದ ಮಡುವಿಗೆ ಹೋಗುವುದೇಕೆ? ಸೆಳವು ತಪ್ಪಿಸಿಕೊಳ್ಳಲು. ಹಸಿವು ಕಡಿಮೆಯಾದಾಗ ಶಕ್ತಿಯನ್ನೂ ಉಳಿಸಬೇಕು. ಬಂಡೆ, ಬಿದ್ದ ಮರದ ದಿಮ್ಮಿಗಳ ಹಿಂದೆ ನೀರು ನಿಧಾನವಾಗಿರುವ ಮಡು ಸಿಕ್ಕರೆ ಈಜುವ ಕೆಲಸವೇ ಕಡಿಮೆ. ಇಂಥ ಜಾಗಕ್ಕಾಗಿ ಕೆಲವು ಮೀನುಗಳು ಹಲವು ಕಿಲೋಮೀಟರ್ ಈಜಿ ಬರುತ್ತವೆ. ಬೆಚ್ಚನೆಯ ನೀರು ಎಲ್ಲಾದರೂ ಇದ್ದರೆ ಅದು ಬುಗ್ಗೆ ಉಕ್ಕುವ ಕಡೆ, ಏಕೆಂದರೆ ಅಂತರ್ಜಲದ ಉಷ್ಣತೆ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ನಮ್ಮೂರ ಬಾವಿಯ ನೀರು ಚಳಿಗಾಲದ ಬೆಳಗ್ಗೆ ಬೆಚ್ಚಗೆನಿಸುವುದೂ ಇದೇ ಕಾರಣಕ್ಕೆ.

ಸುಲಭವಾಗಿ ಸಿಕ್ಕರೆ ಒಳ್ಳೆಯದಲ್ಲವೇ?

ಎಚ್ಚರ ಬೇಕಾದದ್ದು ಇಲ್ಲೇ. ಉದ್ದನೆಯ ನದಿಯಲ್ಲಿ ಚದುರಿದ್ದ ಮೀನುಗಳೆಲ್ಲ ಒಂದೆರಡು ಮಡುವಿನಲ್ಲಿ ಸೇರಿರುತ್ತವೆ. ಜಾಗ ಗೊತ್ತಾದವರಿಗೆ ಒಂದರ ಹಿಂದೊಂದು ಸಿಗಬಹುದು. “ಈ ನದಿಯಲ್ಲಿ ಮೀನು ಬೇಕಾದಷ್ಟಿದೆ” ಎಂದು ಅವರಿಗೆ ಅನಿಸುತ್ತದೆ. ನಿಜಕ್ಕೂ ಅವರು ನೋಡುತ್ತಿರುವುದು ಇಡೀ ಪ್ರದೇಶದ ಮೀನುಗಳನ್ನು. ತಣ್ಣನೆಯ ನದಿಗಳಲ್ಲಿ ಇವು ಒಂದಡಿ ಉದ್ದ ಬೆಳೆಯಲು ಹಲವು ವರ್ಷ ಬೇಕು. ಒಂದು ಮಡು ಬರಿದಾದರೆ ಮೈಲುಗಟ್ಟಲೆ ನದಿಗೆ ಅದರ ಪೆಟ್ಟು. ಕೆಲವು ರಾಜ್ಯ, ಪ್ರಾಂತ್ಯಗಳಲ್ಲಿ ಚಳಿಗಾಲದಲ್ಲಿ ಬಾಸ್ ಹಿಡಿಯುವುದಕ್ಕೆ ನಿಷೇಧವೂ ಇದೆ. ಪರವಾನಗಿಯ ಜತೆಗೆ ಸ್ಥಳೀಯ ನಿಯಮವನ್ನೂ ನೋಡಿಕೊಳ್ಳಬೇಕು. ಹಿಡಿದು ಬಿಡುವವರು ಮೀನನ್ನು ನೀರಿನಲ್ಲೇ ಇಟ್ಟು ಗಾಳ ಬಿಡಿಸುವುದು ಒಳ್ಳೆಯದು. ಕೊರೆಯುವ ಗಾಳಿಗೆ ಎತ್ತಿ ಫೋಟೊ ತೆಗೆಯುತ್ತ ನಿಂತರೆ ಒದ್ದೆ ಕಿವಿರು ಹೆಪ್ಪುಗಟ್ಟಬಹುದು.

ಬ್ರಾಂಡಿ ಚಳಿ ಕಳೆಯುತ್ತದೆಯೇ?

ಇದು ಮೂರರಲ್ಲಿ ಅತ್ಯಂತ ಅಪಾಯಕಾರಿ ನಂಬಿಕೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಬಿಸಿರಕ್ತ ಚರ್ಮಕ್ಕೆ ಬಂದಾಗ ಬೆಚ್ಚಗೆನಿಸುತ್ತದೆ, ಆದರೆ ಮೈಯ ಶಾಖ ಹೊರಗೆ ಹೋಗುತ್ತಿರುತ್ತದೆ. ತಣ್ಣೀರಿಗೆ ಬಿದ್ದವರ ಬಗ್ಗೆ ರಕ್ಷಣಾ ತರಬೇತಿಯಲ್ಲಿ ‘1-10-1’ ಎಂಬ ಲೆಕ್ಕ ಹೇಳಿಕೊಡುತ್ತಾರೆ. ಉಸಿರು ಹತೋಟಿಗೆ ತರಲು ಸುಮಾರು 1 ನಿಮಿಷ, ಕೈಕಾಲು ಆಡುವುದು ಸುಮಾರು 10 ನಿಮಿಷ, ಪ್ರಜ್ಞೆ ಉಳಿಯುವುದು ಸುಮಾರು 1 ಗಂಟೆ. ಲೈಫ್ ಜಾಕೆಟ್ ಇದ್ದರೆ ಮಾತ್ರ ಆ ಗಂಟೆಗೆ ಅರ್ಥ. ಒಬ್ಬರೇ ಹೋಗಬೇಡಿ, ಒಣಬಟ್ಟೆ ಜತೆಗಿರಲಿ, ಫ್ಲಾಸ್ಕಿನಲ್ಲಿ ಚಹಾ ಇರಲಿ.

ಒಟ್ಟಿನಲ್ಲಿ, ಚಳಿ ಮೀನನ್ನು ನಿಧಾನಗೊಳಿಸಿ ಒಂದೆಡೆ ಕೂಡಿಸುತ್ತದೆ, ಮಲಗಿಸುವುದಿಲ್ಲ. ಮಡು ಎಲ್ಲಿದೆ ಎಂದು ಗುಂಪಿಗೆ ಲೊಕೇಶನ್ ಕಳಿಸುವ ಮುನ್ನ ಇದು ನೆನಪಿರಲಿ. ನೂರು ಜನ ಬಂದರೆ ಆ ಮಡುವಿನಲ್ಲಿ ಮುಂದಿನ ಚಳಿಗಾಲಕ್ಕೆ ಏನೂ ಉಳಿಯಲಿಕ್ಕಿಲ್ಲ.