ಹರಿದ ರೆಕ್ಕೆಗೆ ಮೂರು ವಾರ ಕೊಡಿ

ಅಂಗಡಿಯವನು ಬಲೆ ಇಳಿಸಿ, ಏಂಜೆಲ್ ಮೀನನ್ನು ಗಾಜಿನ ಮೂಲೆಗೆ ಒತ್ತಿ ಹಿಡಿದು ಮೇಲೆತ್ತಿದ. ಅದರ ಬಾಲ ಬಲೆಯ ಕಣ್ಣಿಗೆ ಸಿಕ್ಕಿಕೊಂಡಿತ್ತು. ಬಲೆ ಒದರಿದ. ಮೀನು ಪ್ಲಾಸ್ಟಿಕ್ ಚೀಲಕ್ಕೆ ಬಿತ್ತು, ಬಾಲದ ಒಂದು ಚೂರು ಬಲೆಯಲ್ಲೇ ಉಳಿಯಿತು. ‘ಏನಾಗಲ್ಲ ಸಾರ್, ಬೆಳೆಯುತ್ತೆ’ ಎಂದ. ಬೆಳೆಯುತ್ತದೆ ಎಂಬುದು ನಿಜ. ಯಾವ ನೀರಿನಲ್ಲಿ, ಯಾರ ನಡುವೆ, ಎಷ್ಟು ದಿನಕ್ಕೆ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮನೆಗೆ ಬಂದವನೇ ಚೀಲ ಕತ್ತರಿಸಿ ಟ್ಯಾಂಕಿಗೆ ಸುರಿದೆ. ಅಲ್ಲಿ ಐದು ಟೈಗರ್ ಬಾರ್ಬ್‌ಗಳಿದ್ದವು. ಉದ್ದ ರೆಕ್ಕೆ ಕಂಡರೆ ಕಚ್ಚದೆ ಬಿಡದ ಜಾತಿ ಅದು. ಬೆಳಿಗ್ಗೆ ನೋಡಿದರೆ ಬಾಲವಿದ್ದ ಜಾಗದಲ್ಲಿ ನಾಲ್ಕು ಬಿಳಿ ಕಡ್ಡಿ. ಮೂರನೆಯ ದಿನ ಮೀನು ಫಿಲ್ಟರಿನ ಬಾಯಿಗೆ ಅಂಟಿಕೊಂಡಿತ್ತು.

‘ಅಪ್ಪಾ, ಅದಕ್ಕೆ ನೋವಾಯ್ತಾ?’ ಎಂದು ಮಗಳು ಕೇಳಿದಳು. ‘ಮೀನಿಗೆ ನೋವು ಗೊತ್ತಾಗಲ್ಲ ಪುಟ್ಟಿ’ ಎಂದೆ. ಅದು ಸುಳ್ಳೆಂದು ಆಮೇಲೆ ಓದಿ ತಿಳಿದೆ. 2003ರಲ್ಲಿ ಬ್ರಿಟನ್ನಿನ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನುಗಳ ತುಟಿಗೆ ದುರ್ಬಲ ಆಮ್ಲ ಚುಚ್ಚಿ ನೋಡಿದರು. ಅವು ತುಟಿಯನ್ನು ತಳದ ಜಲ್ಲಿಗೆ ಉಜ್ಜಿಕೊಂಡವು, ಅತ್ತಿತ್ತ ತೂಗಾಡಿದವು, ಉಳಿದ ಮೀನುಗಳಿಗಿಂತ ಬಹಳ ಹೊತ್ತು ಮೇವು ಮುಟ್ಟಲಿಲ್ಲ. ಮಾರ್ಫಿನ್ ಕೊಟ್ಟಾಗ ಆ ಒದ್ದಾಟ ತಗ್ಗಿತು. (ಇಷ್ಟು ತಿಳಿಯಲು ಮೀನಿಗೆ ಆಮ್ಲ ಚುಚ್ಚಬೇಕಾಯಿತೇ ಎಂದು ನನಗೂ ಅನ್ನಿಸುತ್ತದೆ.) ಮೀನಿನ ನೋವು ನಮ್ಮ ನೋವಿನಂತೆಯೇ ಇರುತ್ತದೆ ಎಂದು ನಾನು ಹೇಳುತ್ತಿಲ್ಲ. ಅದಕ್ಕೇನೂ ಆಗುವುದಿಲ್ಲ ಎಂಬ ನೆಮ್ಮದಿಯಂತೂ ನಮಗಿನ್ನು ಸಲ್ಲದು.

ಆದರೂ ‘ಮೂವತ್ತು ರೂಪಾಯಿ ಮೀನಿಗೆ ಇಷ್ಟೊಂದಾ?’ ಎನ್ನುತ್ತೇವೆ. ಸತ್ತರೆ ಇನ್ನೊಂದು ತಂದರಾಯಿತು. ಶೃಂಗೇರಿಗೆ ಹೋದಾಗ ತುಂಗೆಯ ಮೆಟ್ಟಿಲ ಮೇಲೆ ನಿಂತು ಮೀನಿಗೆ ಮಂಡಕ್ಕಿ ಎಸೆದು ಮಕ್ಕಳಿಂದ ಕೈಮುಗಿಸುವವರೂ ನಾವೇ. ಶಿಶಿಲದಲ್ಲಿ 1996ರಲ್ಲಿ ದೇವರ ಮೀನುಗಳಿಗೆ ಯಾರೋ ವಿಷ ಹಾಕಿ ಕೊಂದಾಗ, ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದ ನಾಡು ಇದು. ನದಿಯಲ್ಲಿದ್ದರೆ ದೇವರು, ಚೀಲದಲ್ಲಿದ್ದರೆ ಸಾಮಾನು! 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಮನುಷ್ಯನನ್ನು ಬಿಟ್ಟು ಉಳಿದ ಎಲ್ಲ ಜೀವಿಗಳನ್ನೂ ಪ್ರಾಣಿಯೆಂದೇ ಎಣಿಸುತ್ತದೆ. ಅದು ಬೆಲೆಚೀಟಿ ನೋಡುವುದಿಲ್ಲ.

ಆ ಮೀನು ನಮ್ಮ ಮನೆಗೆ ಬರುವ ಮುನ್ನ ಏನೇನು ಕಂಡಿರುತ್ತದೆ ಎಂದು ಒಮ್ಮೆ ಯೋಚಿಸಿ. ಬಣ್ಣದ ಮೀನು ಸಾಕುವವರಿಗೆ ಚೆನ್ನೈನ ಕೊಳತ್ತೂರು ಗೊತ್ತಿರುವ ಹೆಸರು. ಅಂಥ ಸಾಕಣೆ ಕೇಂದ್ರಗಳಿಂದ ಹೊರಟ ಮೀನು ಆಮ್ಲಜನಕ ತುಂಬಿದ ಚೀಲದಲ್ಲಿ, ಕತ್ತಲೆಯ ಡಬ್ಬದಲ್ಲಿ ಕುಲುಕುತ್ತಾ ಸಾಗುತ್ತದೆ. ಸಗಟು ವ್ಯಾಪಾರಿಯ ತೊಟ್ಟಿ, ಅಂಗಡಿಯ ತೊಟ್ಟಿ, ಮತ್ತೆ ನಮ್ಮ ಚೀಲ. ಪ್ರತಿ ಸಲವೂ ಬಲೆ. ಪ್ರತಿ ಬಲೆಗೂ ಮೈಮೇಲಿನ ಲೋಳೆ ಒರೆಸಿ ಹೋಗುತ್ತದೆ, ಒಂದೆರಡು ಹುರುಪೆ ಏಳುತ್ತವೆ. ನಾವು ಕೈಗೆ ಅಂಟಿತೆಂದು ಮುಖ ಸಿಂಡರಿಸುವ ಆ ಲೋಳೆಯೇ ಮೀನಿಗೆ ಮೊದಲ ಕವಚ. ಅದು ಹೋದ ಕಡೆ ಬೂಸ್ಟು ಕೂರುತ್ತದೆ, ಬ್ಯಾಕ್ಟೀರಿಯ ಒಳಹೊಗುತ್ತದೆ.

ಆದ್ದರಿಂದ ಮೊದಲ ಬೇಡಿಕೆ ಸಣ್ಣದು: ಸುರಿಯಬೇಡಿ. ಟ್ಯಾಂಕಿನ ದೀಪ ಆರಿಸಿ, ಕಟ್ಟಿದ ಚೀಲವನ್ನು ಹಾಗೇ ಹದಿನೈದು ಇಪ್ಪತ್ತು ನಿಮಿಷ ತೇಲಬಿಡಿ, ನೀರಿನ ಬಿಸಿ ಸಮನಾಗಲಿ. ದೂರದಿಂದ ಬಂದ ಚೀಲವಾದರೆ ಬಾಯಿ ಬಿಚ್ಚಿದ ಮೇಲೆ ತಡ ಮಾಡಬಾರದು. ಮುಚ್ಚಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ನೀರನ್ನು ಹುಳಿ ಮಾಡಿರುತ್ತದೆ, ಆ ಹುಳಿಯಲ್ಲಿ ಅಮೋನಿಯಾದ ವಿಷ ಅಡಗಿರುತ್ತದೆ. ಗಾಳಿ ತಾಕಿದೊಡನೆ ಹುಳಿ ಇಳಿದು ವಿಷ ಏಳುತ್ತದೆ. ಚೀಲದ ನೀರನ್ನು ಟ್ಯಾಂಕಿಗೆ ಬೆರೆಸದೆ, ಮೀನನ್ನು ಮಾತ್ರ ಲೋಟದಲ್ಲಿ ಎತ್ತಿಕೊಳ್ಳಿ. ಇನ್ನೊಂದು ಬಲೆ ಅದಕ್ಕೆ ಬೇಡ.

ಎತ್ತಿ ಎಲ್ಲಿಗೆ ಬಿಡುವುದು? ನಾನು ತಡವಾಗಿ ಕಲಿತ ಪಾಠವಿದು. ಅಡುಗೆಮನೆ ಸಾಮಾನಿನ ಅಂಗಡಿಯಲ್ಲಿ ಸಣ್ಣ ತೂತುಗಳ ಪ್ಲಾಸ್ಟಿಕ್ ಬುಟ್ಟಿ ಸಿಗುತ್ತದಲ್ಲ, ತರಕಾರಿ ತೊಳೆಯುವುದು, ಅದನ್ನು ಚೆನ್ನಾಗಿ ತೊಳೆದು (ಸೋಪು ಮುಟ್ಟಿಸಬೇಡಿ) ಟ್ಯಾಂಕಿನ ಅಂಚಿಗೆ ಸಿಕ್ಕಿಸಿ. ಅಂಚು ನೀರಿನಿಂದ ಮೇಲಿರಲಿ, ಮೇಲೊಂದು ಮುಚ್ಚಳವಿರಲಿ. ಒಳಗೊಂದು ಹಿಡಿ ಪಾಚಿ ಗಿಡ, ಅಡಗಲು ಒಂದು ಎಲೆ. ಬೀದಿಬದಿಯ ಬಾದಾಮಿ ಮರದಿಂದ ತಾನೇ ಒಣಗಿ ಉದುರಿದ, ಹೊಗೆ-ಔಷಧಿ ಸೋಕದ ಎಲೆ ಒಳ್ಳೆಯದು. ಬೆಟ್ಟಾ ಮೀನು ಸಾಕುವವರು ಆ ಎಲೆಯನ್ನು ಹಣ ಕೊಟ್ಟು ತರಿಸುತ್ತಾರೆ, ನಮ್ಮ ಬೀದಿಯಲ್ಲಿ ಅದು ಪೌರಕಾರ್ಮಿಕರ ಪೊರಕೆಗೆ ಹೋಗುತ್ತದೆ. ಬುಟ್ಟಿಯೊಳಗಿನ ಮೀನಿಗೆ ಪಳಗಿದ ಟ್ಯಾಂಕಿನ ನೀರೂ ಸಿಗುತ್ತದೆ, ಫಿಲ್ಟರಿನ ಕಾವಲೂ ಸಿಗುತ್ತದೆ, ಕಚ್ಚುವವರ ಬಾಯಿ ಮಾತ್ರ ತಲುಪುವುದಿಲ್ಲ. ಹಳೆಯ ಮೀನುಗಳಿಗೆ ಹೊಸಬನನ್ನು ದಿನವೂ ನೋಡಿ ನೋಡಿ ಅಭ್ಯಾಸವಾಗುತ್ತದೆ. ವಾಸಿಯಾದ ಮೇಲೆ ಒಳಗೆ ಬಿಡುವ ದಿನ ಕಲ್ಲು, ಗಿಡಗಳ ಜಾಗ ಬದಲಿಸಿ. ‘ಇದು ನನ್ನ ಮೂಲೆ’ ಎಂದು ಜಗಳವಾಡುವವರಿಗೂ ಮೂಲೆ ಹೊಸದಾಗುತ್ತದೆ.

ಎರಡು ದಿನಕ್ಕೊಮ್ಮೆ ಐದರಲ್ಲೊಂದು ಪಾಲು ನೀರು ಬದಲಿಸಿದರೆ ಅದಕ್ಕಿಂತ ದೊಡ್ಡ ಔಷಧಿಯಿಲ್ಲ. ಬೆಂಗಳೂರಿನ ಕಾವೇರಿ ನೀರಿಗೆ ಕ್ಲೋರಿನ್ ಬೆರೆತಿರುತ್ತದೆ. ಬಕೆಟ್ಟಿನಲ್ಲಿ ಒಂದು ಹಗಲು ಒಂದು ರಾತ್ರಿ ತೆರೆದಿಟ್ಟು ಬಳಸಿ. ಮೊದಲ ದಿನ ಮೇವು ಬೇಡ, ಆಮೇಲೂ ಚಿಟಿಕೆ ಮಾತ್ರ.

ಆದರೆ ಗಾಯ ಬೇರೆ, ರೋಗ ಬೇರೆ. ಮೈಮೇಲೆ ರವೆ ಉದುರಿಸಿದಂಥ ಬಿಳಿ ಚುಕ್ಕೆ, ಬಾಯಿಯ ಸುತ್ತ ಹತ್ತಿಯಂಥ ಪದರ ಕಂಡರೆ ಬುಟ್ಟಿ ಸಾಲದು, ತೂತಿನಿಂದ ರೋಗವೂ ಹೊರಬರುತ್ತದೆ. ಬೇರೆ ಬಕೆಟ್, ಹಳೆಯ ಫಿಲ್ಟರಿನ ಒಂದು ತುಂಡು ಸ್ಪಂಜು, ಏರ್ ಪಂಪು, ಇಷ್ಟೇ ಆಸ್ಪತ್ರೆ. ಉಪ್ಪು ಹಾಕುವುದಾದರೂ ಅಲ್ಲೇ: 20 ಲೀಟರಿಗೆ 20 ಗ್ರಾಂ ಕಲ್ಲುಪ್ಪು, ಕರಗಿಸಿ, ಸ್ವಲ್ಪ ಸ್ವಲ್ಪವಾಗಿ. ಎಲ್ಲರೂ ಇರುವ ಟ್ಯಾಂಕಿಗೆ ಸುರಿದರೆ ಕೋರಿಡೋರಾಸ್‌ನಂಥ ಮೀನುಗಳೂ ಗಿಡಗಳೂ ನರಳುತ್ತವೆ. ಮೆಥಿಲೀನ್ ಬ್ಲೂ ಔಷಧಿ ಹಾಕಿದರೆ ಅಮೋನಿಯಾ ತಿನ್ನುವ ಒಳ್ಳೆಯ ಬ್ಯಾಕ್ಟೀರಿಯಗಳೇ ಸಾಯುತ್ತವೆ. ಇನ್ನು ಮನೆಯಲ್ಲಿ ಉಳಿದ ಟೆಟ್ರಾಸೈಕ್ಲಿನ್ ಮಾತ್ರೆ ಒಡೆದು ನೀರಿಗೆ ಹಾಕಿಸುವ ಸಲಹೆಗಾರರಿದ್ದಾರೆ. ಅವರ ಮಾತು ಕೇಳಬೇಡಿ. ಆ ನೀರು ಕೊನೆಗೆ ಚರಂಡಿಗೆ, ಚರಂಡಿಯಿಂದ ಕೆರೆಗೆ ಹೋಗುತ್ತದೆ, ಔಷಧಿಗೆ ಬಗ್ಗದ ರೋಗಾಣುವನ್ನು ಬೆಳೆಸುತ್ತದೆ.

ಇಲ್ಲೊಂದು ಕಹಿ ಮಾತು ಹೇಳಲೇಬೇಕು. ಅಂಗಡಿಯಲ್ಲಿ ರೆಕ್ಕೆ ಹರಿದ ಮೀನು ಕಂಡು ‘ಅಯ್ಯೋ ಪಾಪ’ ಎಂದು ಕೊಳ್ಳುವವರ ಮನಸ್ಸು ದೊಡ್ಡದು. ನಾನೂ ಕೊಂಡಿದ್ದೇನೆ. ಆದರೆ ಅಂಗಡಿಯ ಲೆಕ್ಕದಲ್ಲಿ ಅದು ಕರುಣೆಯ ಖಾತೆಗೆ ಹೋಗುವುದಿಲ್ಲ, ಮಾರಾಟದ ಖಾತೆಗೆ ಹೋಗುತ್ತದೆ. ಖಾಲಿಯಾದ ಜಾಗಕ್ಕೆ ನಾಳೆ ಅಂಥದೇ ಇನ್ನೊಂದು ಬರುತ್ತದೆ. ಗಾಜುಮೀನಿನ ಕಥೆಯನ್ನೇ ನೋಡಿ. ನಮ್ಮ ದೇಶದ ಹೊಳೆ-ಕೆರೆಗಳದೇ ಮೀನು, ಒಳಗಿನ ಮುಳ್ಳು ಕಾಣುವಷ್ಟು ಪಾರದರ್ಶಕ. ಆ ಚೆಲುವು ಸಾಲದೆಂದು ಸೂಜಿಯಲ್ಲಿ ಬಣ್ಣ ಚುಚ್ಚಿ ಮಾರಿದರು. ಕೆಲವು ತಿಂಗಳಲ್ಲಿ ಬಣ್ಣ ಮಾಸುತ್ತದೆ, ಬದುಕಿದ್ದರೆ. 1996ರಲ್ಲಿ ಬ್ರಿಟನ್ನಿನ ಪ್ರಾಕ್ಟಿಕಲ್ ಫಿಶ್‌ಕೀಪಿಂಗ್ ಪತ್ರಿಕೆ ಇದರ ವಿರುದ್ಧ ಅಭಿಯಾನ ಹೂಡಿತು, ಬಣ್ಣ ಹಾಕಿದ ಮೀನು ಮಾರುವುದಿಲ್ಲವೆಂದು ಅನೇಕ ಅಂಗಡಿಯವರು ಮಾತು ಕೊಟ್ಟರು. ಕೊಳ್ಳುವವರು ಬಾಯಿ ಬಿಟ್ಟರೆ ಅಂಗಡಿ ಕೇಳಿಸಿಕೊಳ್ಳುತ್ತದೆ. ನಾವೂ ಬಾಯಿ ಬಿಡೋಣ. ‘ಅಣ್ಣಾ, ಬಲೆ ಒದರಬೇಡಿ, ಲೋಟದಲ್ಲಿ ಹಿಡಿಯಿರಿ’ ಎಂದು ಹೇಳಲು ಕಾಸು ಖರ್ಚಾಗುವುದಿಲ್ಲ. ಗಾಯದ ಮೀನು ತುಂಬಿದ ತೊಟ್ಟಿಯೆದುರು ‘ಇದನ್ನು ವಾಸಿ ಮಾಡಿ, ಮುಂದಿನ ವಾರ ಬರುತ್ತೇನೆ’ ಎಂದು ಬರಿಗೈಯಲ್ಲಿ ಹೊರಡುವುದಕ್ಕೆ ಸ್ವಲ್ಪ ಗಟ್ಟಿತನ ಬೇಕು.

ಆದರೆ ತಂದಾಗಿದೆಯೋ, ಆಮೇಲೆ ಅದು ನಮ್ಮದು. ಸಾಯಲೆಂದು ಬಿಡಬೇಡಿ, ಕೆರೆಗೆ ಒಯ್ದು ಬಿಡಬೇಡಿ, ಜೀವವಿರುವಾಗ ಕಮೋಡಿಗೆ ಹಾಕಿ ನೀರು ಬಿಡುವ ಕ್ರೌರ್ಯವಂತೂ ಬೇಡವೇ ಬೇಡ.

ಏಂಜೆಲ್ ಸತ್ತ ಮರುವರ್ಷ ನಮ್ಮ ಮನೆಗೆ ಒಂದು ಮುತ್ತು ಗೌರಾಮಿ ಬಂತು, ಅದರದೂ ಬಾಲ ಹರಿದಿತ್ತು. ಬುಟ್ಟಿ ಕಟ್ಟಿದವಳು ಮಗಳು. ಎಂಟನೆಯ ದಿನ ಹರಿದ ಅಂಚಿನಲ್ಲಿ ಗಾಜಿನಂಥ ತೆಳು ಪೊರೆ ಕಂಡಿತು, ಮೂರನೆಯ ವಾರಕ್ಕೆ ಅದರ ಮೇಲೆ ಚುಕ್ಕೆ ಮೂಡಿದವು. ಈ ಭಾನುವಾರ ಮೀನು ತರಲು ಹೊರಟಿದ್ದರೆ, ಮೊದಲು ಆ ಬುಟ್ಟಿ ಕೊಳ್ಳಿ.