ಅಜ್ಜಿಯ ಮರೆವಿಗೆ ಶಾಲೆಯ ಅಳತೆಗೋಲೇ?

ಅರವತ್ತು ದಾಟಿದವರಿಗೆಲ್ಲ ಮನೆಬಾಗಿಲಲ್ಲೇ ಹತ್ತು ನಿಮಿಷದ ಪ್ರಶ್ನಾವಳಿ ಹಿಡಿದು ಮರೆವಿನ ತಪಾಸಣೆ ಮುಗಿಸಿಬಿಡಬೇಕೆಂದು ಈಚಿನ ಲೇಖನವೊಂದು ವಾದಿಸಿದೆ. ಕಾಳಜಿ ಸರಿ, ದಾರಿ ತಪ್ಪು.

ತಾಳವಾಡಿ ಬೆಟ್ಟದ ಕಡೆ ಬಂದು ನೋಡಿ. ಜಿಲ್ಲೆ ತಮಿಳುನಾಡಿನ ಈರೋಡು, ಆದರೆ ಹಿರಿಯರ ಮನೆಮಾತು ಹೆಚ್ಚಾಗಿ ಕನ್ನಡ. ಶಾಲೆಯ ಮೆಟ್ಟಿಲು ಹತ್ತದವರೂ ಬಹಳ. 1975ರಲ್ಲಿ ಅಮೆರಿಕದಲ್ಲಿ ರೂಪುಗೊಂಡು ಇಂದಿಗೂ ಬಳಕೆಯಲ್ಲಿರುವ ಎಂಎಂಎಸ್‌ಇ ಎಂಬ ಮರೆವಿನ ಪರೀಕ್ಷೆ ಇವತ್ತು ಎಷ್ಟನೇ ತಾರೀಕು ಎಂದು ಕೇಳುತ್ತದೆ, ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎನ್ನುತ್ತದೆ, ಒಂದು ವಾಕ್ಯ ಬರೆಯಿರಿ ಎನ್ನುತ್ತದೆ. ಅಮಾವಾಸ್ಯೆಗೆ ಎಷ್ಟು ದಿನ ಉಳಿದಿದೆ, ರಾಗಿ ಯಾವ ಮಳೆಗೆ ಬಿತ್ತಿದ್ದು, ಯಾರ ಕೈಸಾಲ ಎಷ್ಟು ತೀರಿತು ಎಂದು ತಡವರಿಸದೆ ಹೇಳುವ ಅಜ್ಜಿ ಅಲ್ಲಿ ಅಂಕ ಕಳೆದುಕೊಳ್ಳುತ್ತಾಳೆ. ಆಮೇಲೆ ಊರು ಅವಳನ್ನು ಅರಳುಮರಳು ಎನ್ನುತ್ತದೆ; ಜಮೀನಿನ ಪತ್ರದ ವಿಷಯ ಬಂದಾಗ ಅವಳ ಮಾತಿಗೆ ಬೆಲೆಯೇ ಇರುವುದಿಲ್ಲ.

ಲಕ್ಷಣವಿಲ್ಲದ ಹಿರಿಯರನ್ನೆಲ್ಲ ಹೀಗೆ ಪರೀಕ್ಷಿಸುವುದರಿಂದ ಒಳಿತೋ ಕೆಡುಕೋ ಹೇಳಲು ಪುರಾವೆ ಸಾಲದು ಎಂದು ಅಮೆರಿಕದ ರೋಗತಡೆ ಕಾರ್ಯಪಡೆಯೇ 2020ರಲ್ಲಿ ಹೇಳಿದೆ.

ಹಾಗಂತ ಮರೆವೆಲ್ಲ ವಯಸ್ಸಿಗೆ ಸಹಜ ಎಂದು ಕೈಬಿಡಲಾಗದು. ಮೊದಲು ಮನೆಯವರನ್ನು ಕೇಳಿ: ಗೊತ್ತಿದ್ದ ದಾರಿ ತಪ್ಪುತ್ತಾರಾ, ಒಲೆ ಆರಿಸುವುದು ಮರೆಯುತ್ತಾರಾ? ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕಿವಿ ಮಂದವಾಗಿರುವುದನ್ನು ನೋಡಿ, ಇವಕ್ಕೆ ಚಿಕಿತ್ಸೆಯಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕನ್ನಡದಲ್ಲೂ ಸಿದ್ಧಪಡಿಸಿರುವ ಪರೀಕ್ಷೆಗಳನ್ನು ಬಳಸಿ.

ಮರೆವಿನ ರೋಗದ ಸಂಶಯವಿರುವವರು ಸತ್ಯಮಂಗಲದ ಆಸ್ಪತ್ರೆಗೆ ಹೋಗಲು ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಕನ್ನಡ ಬಲ್ಲ ನರ್ಸನ್ನೂ ತಿಂಗಳಿಗೊಮ್ಮೆ ತಜ್ಞರನ್ನೂ ತಾಳವಾಡಿಗೇ ಕಳಿಸಿ. ಪ್ರಶ್ನಾವಳಿ ಆಮೇಲೆ ತನ್ನಿ.