ವರದಿಗೆ ಸಹಿ ಮಾಡಿದವರು ಯಾರು?

ತಿಂಗಳುಗಟ್ಟಲೆ ಮಾಯದ ಬಾಯಿಹುಣ್ಣನ್ನು ಉಷ್ಣದ ಗುಳ್ಳೆಯೆಂದು ಬಗೆದು ಮುಲಾಮು ಹಚ್ಚುತ್ತ ಕೂಡುವ ರೂಢಿ ನಮ್ಮ ಕೊಲ್ಹಾರದ ಭಾಗದಲ್ಲಿ ಇನ್ನೂ ಅಳಿದಿಲ್ಲ. ಎರಡು ಮೂರು ವಾರಗಳಲ್ಲಿ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಇಲ್ಲವೆ ಕೆಂಪು ಮಚ್ಚೆ, ರೊಟ್ಟಿಯ ತುತ್ತಿಗೂ ಸಾಲದಷ್ಟು ಬಿಗಿದ ಬಾಯಿ: ಇವುಗಳಲ್ಲಿ ಒಂದು ಕಂಡರೂ ಪರೀಕ್ಷೆ ಅಗತ್ಯ. ‘ತಂಬಾಕಿಲ್ಲ, ಬರಿಯ ಅಡಿಕೆ’ ಎಂಬ ಸಮಾಧಾನವೂ ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿದೆ.

ಪರೀಕ್ಷೆಯೆಂದರೆ ಬಯಾಪ್ಸಿ. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ಹುಣ್ಣಿನಿಂದ ಸಣ್ಣ ತುಣುಕನ್ನು ತೆಗೆದು, ಫಾರ್ಮಾಲಿನ್ ದ್ರಾವಣದಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಕತ್ತರಿ ತಾಗಿದರೆ ರೋಗ ಹರಡುತ್ತದೆಂಬ ಭಯಕ್ಕೆ ಆಧಾರವಿಲ್ಲ; ಆ ಭಯದಿಂದ ಕಳೆದ ತಿಂಗಳುಗಳೇ ರೋಗವನ್ನು ಬೆಳೆಸುತ್ತವೆ.

ಆ ತುಣುಕನ್ನು ಸೂಕ್ಷ್ಮದರ್ಶಕದಡಿ ಓದಿ ಹೇಳುವವರೇ ಬಾಯಿ ಮತ್ತು ದವಡೆಯ ರೋಗಶಾಸ್ತ್ರ ತಜ್ಞರು. ಬಿ.ಡಿ.ಎಸ್. ಮುಗಿಸಿ, ಬಳಿಕ ಮೂರು ವರ್ಷ ಇದೇ ವಿಷಯದಲ್ಲಿ ಎಂ.ಡಿ.ಎಸ್. ಓದಿದವರು. ಪೇಟೆಯಲ್ಲಿ ಇವರ ಹೆಸರಿನ ಫಲಕ ಹುಡುಕಿದರೆ ಸಿಗುವುದು ವಿರಳ, ಏಕೆಂದರೆ ಇವರ ಕೆಲಸವೆಲ್ಲ ಗಾಜಿನ ಪಟ್ಟಿಯ ಮೇಲೆ. ರೋಗಿಯ ಮುಖವನ್ನು ಕಾಣದೆಯೇ ಅವನ ಮುಂದಿನ ದಾರಿಯನ್ನು ನಿರ್ಧರಿಸುವವರು. ಹಾಗಾದರೆ ಎಲ್ಲಿ ಕೇಳಬೇಕು? ದಂತ ಕಾಲೇಜಿನಲ್ಲಿ. ಬಿ.ಡಿ.ಎಸ್. ಪಾಠಕ್ರಮದಲ್ಲೇ ಈ ವಿಷಯವಿರುವುದರಿಂದ ಪ್ರತಿ ದಂತ ಕಾಲೇಜಿನಲ್ಲೂ ಇದರ ವಿಭಾಗವಿರುತ್ತದೆ. ನಮ್ಮವರಿಗೆ ಉತ್ತರಕ್ಕೆ ವಿಜಯಪುರದ ಅಲ್-ಅಮೀನ್ ದಂತ ಕಾಲೇಜು, ಕೃಷ್ಣೆಯ ಸೇತುವೆ ದಾಟಿದರೆ ಬಾಗಲಕೋಟೆಯ ಪಿ.ಎಂ. ನಾಡಗೌಡ ಸ್ಮಾರಕ ದಂತ ಕಾಲೇಜು. ಬೆಂಗಳೂರಿನ ಬಸ್ಸು ಹತ್ತುವ ಮೊದಲು ಈ ಎರಡು ಬಾಗಿಲುಗಳನ್ನು ತಟ್ಟಬಹುದು.

ವರದಿ ಕೈಗೆ ಬಂದಾಗ ನಮ್ಮವರು ಕೊನೆಯ ಸಾಲನ್ನಷ್ಟೇ ಓದಿಸಿಕೊಂಡು ಮಡಚಿಡುತ್ತಾರೆ. ಅದರ ಕೆಳಗಿನ ಸಹಿಯನ್ನೂ ನೋಡಬೇಕೆಂಬುದು ನಮ್ಮ ಆಗ್ರಹ. ಹೆಸರು, ಪದವಿ, ನೋಂದಣಿ ಸಂಖ್ಯೆ ಅಲ್ಲಿವೆಯೇ? ದಂತವೈದ್ಯರು ರಾಜ್ಯದ ದಂತ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳಬೇಕೆಂಬ ನಿಯಮ 1948ರ ಕಾಯ್ದೆಯಿಂದಲೇ ಬಂದಿದೆ. ಸಂಖ್ಯೆ ಕೇಳುವುದು ಅಗೌರವವಲ್ಲ. ಎಂ.ಡಿ. ಪೆಥಾಲಜಿ ಮಾಡಿದ ವೈದ್ಯರೂ ಬಾಯಿಯ ಬಯಾಪ್ಸಿಯನ್ನು ಸಮರ್ಥವಾಗಿ ಓದಬಲ್ಲರು. ಆದರೆ ಯಾರ ಸಹಿಯೂ ಇಲ್ಲದ ಹಾಳೆಯನ್ನು ನಂಬಿ ದವಡೆಯ ಶಸ್ತ್ರಚಿಕಿತ್ಸೆಗೆ ಒಪ್ಪಬಾರದು.

ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿಯದು. ತುಣುಕನ್ನು ಮೇಣದ ಅಚ್ಚಿನಲ್ಲಿ ಕಾದಿರಿಸಿರುತ್ತಾರೆ. ಅದನ್ನೇ ಬ್ಲಾಕ್ ಎನ್ನುವುದು. ಸಂಶಯವಿದ್ದರೆ ಆ ಬ್ಲಾಕನ್ನೂ ಸ್ಲೈಡುಗಳನ್ನೂ ಕೇಳಿ ಪಡೆದು ಮತ್ತೊಬ್ಬ ತಜ್ಞರಿಗೆ ತೋರಿಸಬಹುದು. ನಿತ್ರಾಣಗೊಂಡ ಹಿರಿಯರು ಮನೆಯಲ್ಲೇ ಇರಲಿ, ಮಗನೋ ಅಳಿಯನೋ ಆ ಪುಟ್ಟ ಡಬ್ಬಿ ಹಿಡಿದು ಹೋದರೆ ಸಾಕು.

ಜಾತ್ರೆಗಳಲ್ಲಿ ಮಠಗಳು ನಡೆಸುವ ದಂತ ತಪಾಸಣಾ ಶಿಬಿರಗಳ ಕುರಿತೂ ಒಂದು ಮಾತು. ಬಾಯಿ ನೋಡಿ, ಚೀಟಿ ಬರೆದು, ‘ದೊಡ್ಡ ಆಸ್ಪತ್ರೆಗೆ ಹೋಗಿ’ ಎಂದು ಕಳಿಸಿದರೆ ಅರ್ಧ ಜನ ನೇರವಾಗಿ ಹೊಲಕ್ಕೆ ಹೋಗುತ್ತಾರೆ. ಶಿಬಿರದ ದಿನವೇ ತುಣುಕು ತೆಗೆದು ಕಾಲೇಜಿಗೆ ಒಯ್ಯುವ ಏರ್ಪಾಡು, ವರದಿಯನ್ನು ಊರಿಗೆ ಮುಟ್ಟಿಸುವ ಒಬ್ಬ ಕಾರ್ಯಕರ್ತ, ಇವೆರಡನ್ನು ಶಿಬಿರದ ದಿನಾಂಕ ಗೊತ್ತುಮಾಡುವಾಗಲೇ ಗೊತ್ತುಮಾಡಬೇಕು.